ನರಬಳ್ಳಿ: ಗೋಂದಿನ ನೀರು ಕುಡಿದ ಇಲಿಗಳು

"ಇನ್ನೊಮ್ಮೆ ಹಾಕಿ ಸರ್" ಎಂದಳು ವಿಜೇತಾ.

"ಒಂದೇ ವಿಡಿಯೊವನ್ನು ಎಷ್ಟು ಸಲ ನೋಡುತ್ತೀರಿ?" ಡಾ. ತಾರಾನಾಥರ ದನಿಯಲ್ಲಿ ಬೇಸರವಿತ್ತು. ಆದರೂ ಗುಂಡಿ ಒತ್ತಿದರು.

ಪರದೆಯ ಮೇಲೆ ಕೈಗವಸು ತೊಟ್ಟ ಎರಡು ಕೈಗಳು ಮೂಡಿದವು. ಎರಡು ವಾರದ ಹಿಂದೆ ಕಾಪು ದೀಪಸ್ತಂಭದ ಬಂಡೆಯ ಬುಡದಲ್ಲಿ ಹೆಣವಾಗಿ ಸಿಕ್ಕಿದ ಸಂಶೋಧನಾ ವಿದ್ಯಾರ್ಥಿ ಪ್ರತೀಕನ ಕೈಗಳು. ಇಲ್ಲಿ ಅವು ಇನ್ನೂ ಬದುಕಿದ್ದವು. ಬಿಳಿ ಇಲಿಯೊಂದನ್ನು ನೋವಾಗದಂತೆ ಹಿಡಿದು, ಉಪ್ಪುನೀರು ಸವರಿದ ಅದರ ಕಿವಿಗಳಿಗೆ ಪುಟ್ಟ ಕ್ಲಿಪ್ಪುಗಳನ್ನು ಸಿಕ್ಕಿಸುತ್ತಿದ್ದವು.

ಟಿಕ್ ಎಂದು ಸದ್ದಾಯಿತು. ಇಲಿಯ ಮೈಯೊಳಗೆ ಒಂದು ಕ್ಷಣ ವಿದ್ಯುತ್ ಹರಿಯಿತು. ಇಲಿ ಬೆಚ್ಚಿತು. ಮುಂಗಾಲು ಮಡಚಿಕೊಂಡಿತು, ಬೆನ್ನು ಬಿಲ್ಲಿನಂತೆ ಬಾಗಿತು. ಹಿಂಗಾಲು ಮಾತ್ರ ಇದ್ದಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ಅದು ಎದ್ದು ಏನೂ ಆಗದ ಹಾಗೆ ಮೀಸೆ ತಿಕ್ಕಿಕೊಂಡಿತು.

"ಮದ್ದು ಕೊಡದ ಇಲಿಗೆ ಹೀಗೆಯೇ ಆಗುವುದಾ?"

"ಇಲ್ಲ. ಮದ್ದು ಕೊಡದಿದ್ದರೆ ಹಿಂಗಾಲುಗಳು ಎರಡೂ ಬಾಲದ ಕಡೆಗೆ ಕಡ್ಡಿಯಂತೆ ಚಾಚಿಕೊಳ್ಳುತ್ತವೆ. ನಮಗೆ ಅದೇ ಗುರುತು. ಕಾಲು ಚಾಚಿದರೆ ಮೂರ್ಛೆಯ ಸೆಳೆತ ಬಂತು ಎಂದು ಲೆಕ್ಕ. ಚಾಚದಿದ್ದರೆ ಮದ್ದು ತಡೆಯಿತು ಎಂದು ಲೆಕ್ಕ."

"ಇದರ ತಲೆ ಮೇಲಿನ ಹಳದಿ ಬೊಟ್ಟು?"

"ಮದ್ದು ಕೊಡದ ಗುಂಪಿನದ್ದು. ಬೆನ್ನಿನ ಮೇಲೆ ಹಳದಿ ಇದ್ದವಕ್ಕೆ ನರಬಳ್ಳಿಯ ರಸ ಕೊಟ್ಟಿರುತ್ತದೆ."

ವಿಜೇತಾ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. ಕಾಪು ಠಾಣೆಯ ಸಬ್ ಇನ್ಸ್‌ಪೆಕ್ಟರ್ ಆಗುವ ಮೊದಲು ಅವಳು ಪ್ರಾಣಿಶಾಸ್ತ್ರ ಓದಿದವಳು. ಕಾಲೇಜಿನಲ್ಲಿ ಕಪ್ಪೆ ಕೊಯ್ಯುವ ಮೇಜಿನ ಮುಂದೆ ಕಲಿತ ಒಂದು ಅಭ್ಯಾಸ ಪೊಲೀಸ್ ತರಬೇತಿಯಲ್ಲೂ ಸವೆದಿರಲಿಲ್ಲ: ಪ್ರಾಣಿ ಏನು ಮಾಡುತ್ತದೆ ಎಂದು ಮೊದಲು ನೋಡು, ಯಾಕೆ ಮಾಡುತ್ತದೆ ಎಂದು ಆಮೇಲೆ ಕೇಳು.

ತಲೆಗೆ ಹಳದಿ ಬಳಿದ ಇಲಿಗಳು ಒಂದರ ಹಿಂದೆ ಒಂದು ಬಂದವು. ಒಂದರದ್ದೂ ಹಿಂಗಾಲು ಚಾಚಲಿಲ್ಲ. ಬೆನ್ನಿಗೆ ಹಳದಿ ಬಳಿದವೂ ಬಂದವು. ಅವೂ ಹಾಗೆಯೇ.

"ಮದ್ದು ಕುಡಿದವೂ ಬೀಳಲಿಲ್ಲ, ಕುಡಿಯದವೂ ಬೀಳಲಿಲ್ಲ" ಎಂದಳು.

"ಯಂತ್ರ ಕೆಟ್ಟಿತ್ತು ಮೇಡಂ. ಪ್ರತೀಕ್ ಮೂರು ಸಲ ಈ ಪ್ರಯೋಗ ಮಾಡಿದ, ಮೂರು ಸಲವೂ ಹೀಗೇ ಆಯಿತು. ಎಸೆಯಬೇಕಾದ ವಿಡಿಯೊ ಇದು."

"ಮಂಗಳೂರಿನಿಂದ ಬಂದ ಮೆಕ್ಯಾನಿಕ್ ಯಂತ್ರ ಸರಿ ಉಂಟು ಅಂದನಂತೆ?"

"ಹಾಗಾದರೆ ಕ್ಲಿಪ್ಪು ಸರಿ ಕಚ್ಚಿರಲಿಕ್ಕಿಲ್ಲ. ಕರೆಂಟು ಹೋಗಿರಲಿಕ್ಕಿಲ್ಲ."

"ಹೋಗದಿದ್ದರೆ ಇಲಿ ಬೆಚ್ಚಿದ್ದು ಯಾಕೆ ಸರ್?"

ತಾರಾನಾಥರು ಕನ್ನಡಕ ತೆಗೆದು ಒರೆಸಿದರು.

ಮಣಿಪಾಲದ ಎಂಡ್ ಪಾಯಿಂಟ್ ಗುಡ್ಡದ ಕಡೆಗಿನ ಆ ಪುಟ್ಟ ಖಾಸಗಿ ಪ್ರಯೋಗಾಲಯದಲ್ಲಿ ಹೊಟ್ಟಿನ ಮತ್ತು ಇಲಿಯುಚ್ಚೆಯ ವಾಸನೆ ಸೇರಿಕೊಂಡಿತ್ತು. ಕಿಟಕಿಯಾಚೆ ಸ್ವರ್ಣಾ ನದಿ ಬಿಸಿಲಿಗೆ ಮಿಂಚುತ್ತಿತ್ತು. ವಿಜೇತಾ ಎದ್ದು ಕಪಾಟಿನ ಮುಂದೆ ನಿಂತಳು. ಕಂದುಹಸಿರು ದ್ರವದ ಬಾಟ್ಲಿಗಳ ಸಾಲು. ಅವುಗಳ ಪಕ್ಕ ಬಿಳಿ ಪುಡಿಯ ದೊಡ್ಡ ಡಬ್ಬಿ.

"ಇದೆಂತ?"

"ಗೋಂದು. ಜಾಲಿ ಮರದ್ದು. ನರಬಳ್ಳಿಯ ಸಾರ ನೀರಿನಲ್ಲಿ ಕರಗುವುದಿಲ್ಲ, ತಳಕ್ಕೆ ಕೂರುತ್ತದೆ. ಅದಕ್ಕೆ ಗೋಂದಿನ ನೀರಿನಲ್ಲಿ ಕದಡಿ ಇಲಿಗೆ ಕುಡಿಸುತ್ತೇವೆ."

"ಮದ್ದು ಇಲ್ಲದ ಗುಂಪಿಗೆ?"

"ಅವಕ್ಕೂ ಗೋಂದಿನ ನೀರು ಕುಡಿಸುತ್ತೇವೆ, ಬರೀ ಗೋಂದಿನ ನೀರು. ಎರಡೂ ಗುಂಪಿಗೆ ಮದ್ದೊಂದು ಬಿಟ್ಟು ಉಳಿದದ್ದೆಲ್ಲ ಸಮ ಇರಬೇಕಲ್ಲ? ಇಲ್ಲದಿದ್ದರೆ ಗುಣ ಮದ್ದಿನದ್ದೋ ಗೋಂದಿನದ್ದೋ ಎಂದು ಹೇಳುವುದು ಹೇಗೆ? ಈ ಕೆಲಸಕ್ಕೆ ಬಂದವರಿಗೆ ಮೊದಲ ವಾರವೇ ಕಲಿಸುವ ಪಾಠ ಇದು."

ಡಬ್ಬಿಯ ಮೇಲೆ ಕಾರ್ಕಳದ ಲೀಲಾಧರರ ಔಷಧ ಕಂಪನಿಯ ಚೀಟಿ ಇತ್ತು. ನರಬಳ್ಳಿಯ ಪುಡಿಯನ್ನು ಮೂರ್ಛೆ ರೋಗದ ಮದ್ದೆಂದು ಮಾರುಕಟ್ಟೆಗೆ ತರಲು ಹೊರಟವರು ಅವರೇ. ಈ ಪ್ರಯೋಗದ ಖರ್ಚೆಲ್ಲ ಅವರದ್ದೇ.

"ಗೋಂದನ್ನೂ ಅವರೇ ಕಳುಹಿಸುವುದಾ?"

"ಹೊಟ್ಟು, ಗೋಂದು, ಗಾಜಿನ ಸಾಮಾನು, ಎಲ್ಲ ಅವರೇ. ಧಾರಾಳ ಮನುಷ್ಯ. ಪ್ರತೀಕನಿಗೆ ಮಾತ್ರ ಅವರ ಪುಡಿಯ ಮೇಲೆ ಎಂತದೋ ಸಂಶಯ. ತಾನೇ ಕಾರ್ಕಳದ ಬಂಡೆ ಹತ್ತಿ ಬಳ್ಳಿ ಕಿತ್ತು ತಂದು, ತಾನೇ ರಸ ತೆಗೆದ. ಹುಡುಗರ ಹಠ!"

ವಿಜೇತಾ ಡಬ್ಬಿಯನ್ನು ತಿರುಗಿಸಿ ನೋಡಿದಳು. ಮುಚ್ಚಳದ ಅಂಚಿನ ಸೀಲು ಇನ್ನೂ ಹರಿದಿರಲಿಲ್ಲ.

"ನೀವು ಈ ಇಲಿಗಳನ್ನು ಬಿಡಿ ಮೇಡಂ" ಎಂದರು ತಾರಾನಾಥರು, ದನಿ ತಗ್ಗಿಸಿ. "ನಮ್ಮ ಫ್ರಿಜ್ಜಿನಿಂದ ಬಾಟ್ಲಿ ಕಳವಾಗುತ್ತಿತ್ತು. ಇಲಿಮನೆಯ ಕೆಲಸದ ಸಂಗಮೇಶ, ಪ್ರತೀಕ್ ಸತ್ತ ಮರುದಿನದಿಂದ ಪತ್ತೆಯಿಲ್ಲ. ಕಳ್ಳತನ ಕಂಡುಹಿಡಿದದ್ದಕ್ಕೇ ನಮ್ಮ ಹುಡುಗನನ್ನು ಬಂಡೆಯಿಂದ ದೂಡಿದ. ಇದಕ್ಕೆ ವಿಜ್ಞಾನ ಯಾಕೆ?"

"ಅವನ ಮನೆ ಎಲ್ಲಿ ಗೊತ್ತುಂಟಾ?"

"ನಮಗೆ ಯಾರಿಗೂ ಗೊತ್ತಿಲ್ಲ. ಘಟ್ಟದ ಮೇಲಿನವರು, ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ."

*

ಜೀಪು ಕಟಪಾಡಿ ದಾಟುವಾಗ ಇನ್ಸ್‌ಪೆಕ್ಟರರ ಫೋನು ಬಂತು. ಮಾತು ಚಿಕ್ಕದು. ಸಂಗಮೇಶನನ್ನು ಸಂಜೆಯೊಳಗೆ ಠಾಣೆಗೆ ತರಬೇಕು. ಪತ್ರಿಕೆಯವರು ಬಂದು ಕೂತಾಗಿದೆ.

"ತಂದರೆ ಕೇಸು ಮುಗಿಯಿತು ಅಂತ ಅಲ್ವಾ ಮೇಡಂ?" ಎಂದ ಹೆಡ್ ಕಾನ್‌ಸ್ಟೇಬಲ್ ಬ್ಯಾಪ್ಟಿಸ್ಟ್, ಸ್ಟೇರಿಂಗಿನ ಮೇಲೆ ತಾಳ ಹಾಕುತ್ತಾ. "ಬಡವನ ಕೇಸು ಬೇಗ ಮುಗಿಯುತ್ತದೆ. ವಕೀಲನೂ ಬರುವುದಿಲ್ಲ."

"ನಿಮಗೆ ಯಾರು ಹೇಳಿದ್ದು ಅವನು ಕಾಪುವಿನ ಮನೆಯಲ್ಲಿದ್ದಾನೆ ಅಂತ?"

"ಹೈವೇ ಬದಿಯ ಚಾ ಅಂಗಡಿಯವ. ಪಡುಬಿದ್ರಿಯಲ್ಲಿ ಅಡಗಿದ್ದನಂತೆ, ಮಗಳನ್ನು ನೋಡದೆ ಇರಲಿಕ್ಕಾಗದೆ ಇವತ್ತು ಬಂದಿದ್ದಾನಂತೆ. ಕೊಲೆಗಾರನಿಗೆ ಅಷ್ಟು ಮಮತೆ ಇರ್ತದಾ? ನನ್ನ ಹೆಂಡತಿ ನಾನು ಎರಡು ದಿನ ಡ್ಯೂಟಿಯಲ್ಲಿ ಉಳಿದರೆ ಟಿವಿ ಸೌಂಡು ಜಾಸ್ತಿ ಮಾಡ್ತಾಳೆ, ಅಷ್ಟೇ."

ವಿಜೇತಾ ನಗಲಿಲ್ಲ. ಅವಳ ಕಣ್ಣ ಮುಂದೆ ಆ ಇಲಿಗಳೇ ಇದ್ದವು.

ಕಾಪು ಪೇಟೆಯ ಹಿಂದೆ, ಕೆಂಪುಕಲ್ಲಿನ ಗೋಡೆಗೆ ತಗಡು ಹೊದಿಸಿದ ಕೋಣೆಗಳ ಸಾಲು. ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ವಸತಿ. ಕೊನೆಯ ಕೋಣೆಯ ಬಾಗಿಲಲ್ಲಿ ಹೆಂಗಸೊಬ್ಬಳು ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಅಡ್ಡ ನಿಂತಳು. ಸಂಗಮೇಶನ ಹೆಂಡತಿ ದ್ರಾಕ್ಷಾಯಿಣಿ.

"ಅವರು ಇಲ್ರೀ."

"ಮೂರು ತಟ್ಟೆ ಇಟ್ಟಿದ್ದೀರಿ" ಎಂದಳು ವಿಜೇತಾ.

"ಅದು... ನಮ್ಮ ತಮ್ಮ ಬರಾಂವ ಅದಾನ್ರೀ."

"ದ್ರಾಕ್ಷಿ, ಸರಿ ಅತ್ಲಾಗ." ಒಳಗಿನಿಂದ ಗಂಡಸಿನ ದನಿ. ಸಂಗಮೇಶ ತಾನಾಗಿಯೇ ಹೊರಗೆ ಬಂದ. ಗಡ್ಡ ಬೆಳೆದಿತ್ತು. ಕೈಗಳನ್ನು ಮುಂದೆ ಚಾಚಿದ, ಬೇಡಿ ಹಾಕಲಿ ಎನ್ನುವಂತೆ. "ಬರ್ತೀನ್ರಿ. ಒಂದ್ ಮಾತು. ನನ್ನ ಮಗಳ ಮದ್ದು ತಪ್ಪಿಸಬ್ಯಾಡ್ರಿ. ಆಮೇಲೆ ಎಲ್ಲಿ ಬೇಕಾದ್ರೂ ಒಯ್ರಿ."

"ಯಾವ ಮದ್ದು?"

ಅವನು ಒಳಗಿನ ಒಲೆಯತ್ತ ನೋಡಿದ.

"ಕದ್ದ ಮದ್ದಾ?" ಎಂದ ಬ್ಯಾಪ್ಟಿಸ್ಟ್.

"ಕದ್ದಿಲ್ರೀ! ನಮ್ಮವ್ವನ ಆಣಿ. ಪ್ರತೀಕ್ ಸರ್ ಕೊಟ್ರು. ಅವರ ಕೈಯಾರೆ ಕೊಟ್ರು."

ಅಷ್ಟರಲ್ಲಿ ಅವನ ಹಿಂದಿನಿಂದ ಆರೇಳು ವರ್ಷದ ಹುಡುಗಿ ಇಣುಕಿದಳು. ನೀಲವ್ವ ಎಂಬ ಅಜ್ಜಿಯ ಹೆಸರಿಟ್ಟು ನೀಲು ಎಂದು ಕರೆಯುವ ಮಗು. ಬ್ಯಾಪ್ಟಿಸ್ಟನ ಟೊಪ್ಪಿ ಕಂಡು ನಕ್ಕಳು.

ವಿಜೇತಾಳ ದೃಷ್ಟಿ ಅಲ್ಲೇ ನಿಂತಿತು. ನಗುವಿನಲ್ಲಿ ಹಲ್ಲು ಕಾಣಬೇಕಾದ ಜಾಗದಲ್ಲಿ ವಸಡೇ ಕಾಣುತ್ತಿತ್ತು. ಊದಿಕೊಂಡು, ಗುಳ್ಳೆಗುಳ್ಳೆಯಾಗಿ, ಹಲ್ಲನ್ನು ಅರ್ಧಕ್ಕರ್ಧ ನುಂಗಿದ ವಸಡು.

"ಪುಟ್ಟಿ, ಇಲ್ಲಿ ಬಾ. ಆ ಅನ್ನು ನೋಡುವ."

ಮಗು ಬಂತು. ಬರುವಾಗ ಸ್ವಲ್ಪ ವಾಲಿತು, ಬಾಗಿಲ ಚೌಕಟ್ಟು ಹಿಡಿದುಕೊಂಡಿತು. ವಿಜೇತಾ ಮೊಬೈಲಿನಲ್ಲಿ ಫೋಟೊ ತೆಗೆದು ಉಡುಪಿಯ ಮಕ್ಕಳ ವೈದ್ಯೆ ಡಾ. ಸ್ಯಾಂಡ್ರಾಗೆ ಕಳುಹಿಸಿದಳು. ಇಬ್ಬರೂ ಹೈಸ್ಕೂಲಿನಿಂದ ಗೆಳತಿಯರು.

"ವಸಡು ಯಾವಾಗಿನಿಂದ ಹೀಗೆ?"

"ಈಗೊಂದ್ ಎರಡು ತಿಂಗಳಾತ್ರಿ" ಎಂದಳು ದ್ರಾಕ್ಷಾಯಿಣಿ. "ಹಲ್ಲ ಉಜ್ಜಿದ್ರ ರಕ್ತ ಬರ್ತೈತಿ. ಪ್ಯಾಟಿ ನೀರು ಆಗಿ ಬರೋದಿಲ್ಲ ಅಂತ ಸುಮ್ಮನಿದ್ವಿ."

"ಕೂತು ಮಾತಾಡುವ" ಎಂದು ವಿಜೇತಾ ಹೊಸ್ತಿಲ ಮೇಲೆಯೇ ಕುಳಿತಳು. ಪೊಲೀಸರು ಹಾಗೆ ಕೂರುವುದನ್ನು ಸಂಗಮೇಶ ನಿರೀಕ್ಷಿಸಿರಲಿಲ್ಲ. ಅವನು ನಿಂತೇ ಇದ್ದ.

"ಪ್ರತೀಕ್ ಯಾಕೆ ಕೊಟ್ಟರು?"

"ನಾ ಕಾಲು ಹಿಡಕೊಂಡೆ, ಅದಕ್ಕ." ಅವನು ನೆಲ ನೋಡುತ್ತಾ ಹೇಳಿದ. "ಇವಳಿಗೆ ಮೂರು ವರ್ಷದಾಕಿ ಇದ್ದಾಗಿಂದ ಫಿಟ್ಸ್ ಅದಾವ್ರಿ. ಗಟಾರದ ಮ್ಯಾಲ ಬಿದ್ದಾಳ, ಒಲಿ ಮುಂದ ಬಿದ್ದಾಳ. ದವಾಖಾನಿ ಗುಳಿಗಿ ಕೊಟ್ರ ದಿನಾ ಮಲಗೇ ಇರತಿದ್ಲು. ನಾನು ಲ್ಯಾಬಿನ್ಯಾಗ ನೋಡತಿದ್ದೆ. ಕರೆಂಟ್ ಹೊಡದ್ರೂ ಬೀಳದ ಇಲಿ! ನನ್ನ ಕೈಯಾಗ ಬೆಳದ ಇಲಿಗಳ್ರೀ ಅವು. ಇಲಿಗೆ ಸಿಗೋ ಮದ್ದು ನನ್ನ ಮಗಳಿಗೆ ಯಾಕ ಬ್ಯಾಡ ಅಂತ ಕೇಳಿದೆ."

"ಅವರು ಏನಂದರು?"

"ಮೊದಲು ಬೈದ್ರು. ಇದಿನ್ನೂ ಇಲಿ ಮ್ಯಾಲ ನೋಡೋದು, ಮನಿಶ್ಯಾರಿಗಲ್ಲ ಅಂದ್ರು. ದಿನಾ ಕೇಳಿದೆ. ಅವರ ಮನಿ ಇಲ್ಲೇ ಆಚಿ ಎರ್ಮಾಳ, ದಿನಾ ಕಾಪುವಿನಿಂದ ಲ್ಯಾಬಿಗೆ ಅವರ ಬೈಕಿನ ಮ್ಯಾಲೇ ನಾನು ಹೋಗತಿದ್ದೆ. ದಾರಿ ತುಂಬ ಇದೇ ಮಾತು. ದೀಪಾವಳಿ ಆದ ಮ್ಯಾಲ ಒಂದಿನ ಬಾಟ್ಲಿ ಕೊಟ್ರು. ಮುಗದಾಗೊಮ್ಮೆ ತುಂಬಿ ಕೊಡತಿದ್ರು. ಗುಳಿಗಿ ಮಾತ್ರ ಬಿಡಬ್ಯಾಡ ಅಂದಿದ್ರು."

"ಬಿಟ್ಟಿರಾ?"

ಉತ್ತರ ಹೆಂಡತಿ ಕೊಟ್ಟಳು. "ಬಿಟ್ವಿರೀ. ಬಾಟ್ಲಿ ಶುರು ಮಾಡಿದ ಮ್ಯಾಲ ಒಂದ್ ಸಲಾನೂ ಬೀಳಲಿಲ್ಲ ನಮ್ಮ ಹುಡುಗಿ. ಪಾಟಿಚೀಲ ಹಾಕ್ಕೊಂಡು ಸಾಲಿಗೆ ಹೋದ್ಲು. ಮತ್ತ್ಯಾಕ ಗುಳಿಗಿ?"

"ಆ ಬಾಟ್ಲಿ ತೋರಿಸಿ."

ದ್ರಾಕ್ಷಾಯಿಣಿ ಒಲೆಯ ಪಕ್ಕದಿಂದ ಖಾಲಿ ಬಾಟ್ಲಿಯೊಂದನ್ನು ತಂದಳು. ವಿಜೇತಾ ಅದನ್ನು ಬೆಳಕಿಗೆ ಹಿಡಿದಳು. ಕಂದುಹಸಿರಿನ ಒಂದು ಕಲೆಯೂ ಇಲ್ಲ. ಕತ್ತಿನ ಸುತ್ತ ಏನೋ ಒಣಗಿ, ಬಿಳಿಯ ಹಕ್ಕಳೆಯಾಗಿ ಅಂಟಿತ್ತು. ಉಗುರಿನಿಂದ ಕೆರೆದಳು. ಎಂಜಲು ಹಚ್ಚಿ ಬೆರಳುಗಳ ನಡುವೆ ತಿಕ್ಕಿದಳು. ಬೆರಳು ಬೆರಳಿಗೆ ಕಚ್ಚಿಕೊಂಡಿತು.

"ಇದರಲ್ಲಿ ಇದ್ದದ್ದು ಹಸಿರು ರಸವಾ?"

"ಇಲ್ರೀ, ನೀರಿನಂಗ" ಎಂದ ಸಂಗಮೇಶ. "ಅಂಟಂಟು. ಹಸಿರು ಬಾಟ್ಲಿ ಕೊಡ್ರಿ ಅಂದೆ ನಾನು. ಅದು ಬ್ಯಾಡ, ಇದನ್ನ ಕೊಡು, ಇದು ಸೋಸಿ ತಗದದ್ದು ಅಂದ್ರು."

ವಿಜೇತಾ ಬಾಟ್ಲಿಯನ್ನು ಹೊಸ್ತಿಲ ಮೇಲೆ ಇಟ್ಟಳು.

ಅರ್ಥವಾಯಿತು. ಪ್ರತೀಕ್ ಒಳ್ಳೆಯ ಹುಡುಗ. ಕಾಲು ಹಿಡಿದ ತಂದೆಗೆ ಇಲ್ಲ ಎನ್ನಲಾರದೆ, ಗುಣ ಗೊತ್ತಿಲ್ಲದ ರಸವನ್ನು ಮಗುವಿಗೆ ಕೊಡಲೂ ಆಗದೆ, ಯಾವ ಕೇಡೂ ಮಾಡದ ಒಂದು ವಸ್ತುವನ್ನು ತುಂಬಿ ಕೊಟ್ಟಿದ್ದ. ತಂದೆಗೆ ಸಮಾಧಾನ, ಮಗುವಿಗೆ ಆಸ್ಪತ್ರೆಯ ಮಾತ್ರೆ ಹೇಗೂ ಇದೆ ಎಂದುಕೊಂಡಿದ್ದ.

"ಸಂಗಮೇಶ, ಇದು ನರಬಳ್ಳಿ ಅಲ್ಲ. ಗೋಂದಿನ ನೀರು."

ಅವನಿಗೆ ಕೂಡಲೇ ತಲೆಗೆ ಹೋಗಲಿಲ್ಲ. ಹೋದಾಗ ಮುಖ ಬಿಳುಚಿತು. "ಅಂದ್ರ ಸರ್ ನನಗ ಸುಳ್ಳು ಹೇಳಿದ್ರಾ? ನನ್ನ ಮಗಳಿಗೆ ಬರೇ ಗೋಂದು ಕುಡಿಸಿದ್ರಾ?" ಮತ್ತೆ ಒಮ್ಮೆಲೇ ದನಿ ಏರಿತು. "ಸುಳ್ಳು! ಗೋಂದಿಗೆ ಫಿಟ್ಸ್ ನಿಲ್ಲತದೇನ್ರೀ?"

"ನಿಲ್ಲುವುದಿಲ್ಲ" ಎಂದಳು ವಿಜೇತಾ. "ಅದೇ ಪ್ರಶ್ನೆ ಪ್ರತೀಕ್‌ಗೂ ಬಂದಿರಬೇಕು. ಸತ್ತ ದಿನ ಸಂಜೆ ಇಲ್ಲಿಗೆ ಬಂದಿದ್ದರಾ?"

ಸಂಗಮೇಶ ಗೋಡೆಗೆ ಒರಗಿ ಕುಸಿದು ಕುಳಿತ.

"ಬಂದಿದ್ರು. ನೀಲು ಆಡಾಕತ್ತಿದ್ಲು. ಗುಳಿಗಿ ಕೊಡ್ತೀರಿಲ್ಲೋ ಅಂತ ಕೇಳಿದ್ರು. ಬಿಟ್ಟು ಬಾಳ ದಿನಾತು, ನಿಮ್ಮ ಮದ್ದಿಗೇ ಆರಾಮ ಆಗ್ಯಾಳ ಅಂತ ನಾನು ಕೈ ಮುಗದೆ. ಖುಷಿ ಪಡ್ತಾರ ಅನ್ಕೊಂಡಿದ್ದೆ. ಅವರ ಮುಖ ಹೆಂಗಾತು ಅಂತೀರಿ! ಅಲ್ಲೇ ಆ ಕಲ್ಲಿನ ಮ್ಯಾಲ ಕುಂತ್ರು. ಆಮೇಲೆ ದೂರ ಹೋಗಿ ಯಾರಿಗೋ ಫೋನ್ ಹಚ್ಚಿದ್ರು. ತುಳು ಮಾತಾಡಿದ್ರು, ನನಗ ತಿಳೀಲಿಲ್ಲ. ಜೋರು ಮಾತಾಗಿತ್ತು. ಸಮುದ್ರದ ಕಡೆ ಹೋಗಿ ಬರ್ತೀನಿ, ಒಬ್ರನ್ನ ಭೆಟ್ಟಿ ಆಗೋದೈತಿ ಅಂದ್ರು. ಮರುದಿನ ಮುಂಜಾನಿ..."

ನೀಲು ಬಂದು ಅವನ ಗಡ್ಡ ಹಿಡಿದು ಎಳೆದಳು.

ಆ ಹೊತ್ತಿನ ಯಾವ ಕರೆಯೂ ಫೋನ್ ಕಂಪನಿಯ ಲೆಕ್ಕದಲ್ಲಿ ಇರಲಿಲ್ಲ. ವಾಟ್ಸಾಪಿನಲ್ಲಿ ಮಾಡಿರಬೇಕು. ಪ್ರತೀಕನ ಫೋನೇ ಸಮುದ್ರ ಸೇರಿತ್ತು.

"ಇದನ್ನೆಲ್ಲ ಅವತ್ತೇ ಯಾಕೆ ಹೇಳಲಿಲ್ಲ ಮಾರಾಯ?" ಎಂದ ಬ್ಯಾಪ್ಟಿಸ್ಟ್.

"ಹೇಳಿದ್ರ ಬಾಟ್ಲಿ ಕಸಗೊಂತಿದ್ರಿ. ನಾನೇನೋ ಜೇಲಿಗೆ ಹೋಗ್ತೀನಿ. ಇವಳು ಮತ್ತ ಬಿದ್ರ?"

ವಿಜೇತಾಳ ಮೊಬೈಲು ಅದುರಿತು. ಸ್ಯಾಂಡ್ರಾ.

"ಎಂತ ಇದು ಫೋಟೊ? ಆ ಮಗುವಿಗೆ ಫೆನಿಟೋಯಿನ್ ಕೊಡ್ತಾ ಇದ್ದಾರಾ?"

"ಅದೆಂತ?"

"ಹಳೇ ಕಾಲದ ಫಿಟ್ಸ್ ಮದ್ದು. ತಿಂಗಳುಗಟ್ಟಲೆ ತೆಗೆದುಕೊಂಡ ಕೆಲವರಿಗೆ ವಸಡು ಹೀಗೆ ಬೆಳೀತದೆ. ಪಠ್ಯಪುಸ್ತಕದ ಚಿತ್ರದ ಹಾಗೆ ಉಂಟು."

"ಆಸ್ಪತ್ರೆಯವರು ಕೊಟ್ಟ ಮಾತ್ರೆಯಿಂದ ಆಗಿರಬಹುದಾ?" ವಿಜೇತಾ ಕೈಚಾಚಿದಳು. ದ್ರಾಕ್ಷಾಯಿಣಿ ಹಳೆಯ ಮಾತ್ರೆಯ ಹಾಳೆ ತಂದಳು. ವಿಜೇತಾ ಹೆಸರು ಓದಿದಳು.

"ಅದು ಬೇರೆ ಮದ್ದು. ಅದಕ್ಕೆ ಹೀಗಾಗುವುದಿಲ್ಲ. ನಡೆಯುವಾಗ ವಾಲ್ತಾಳಾ?"

"ಸ್ವಲ್ಪ."

"ಕರೆದುಕೊಂಡು ಬಾ. ಈಗಲೇ. ರಕ್ತ ಪರೀಕ್ಷೆ ಮಾಡುವ, ಎಷ್ಟು ಉಂಟು ಅಂತ ಗೊತ್ತಾಗ್ತದೆ. ಮತ್ತೆ ಕೇಳು, ತಟ್ಟನೆ ನಿಲ್ಲಿಸಿದರೆ ಅಪಾಯ. ಇಷ್ಟು ದಿನ ತಡೆದದ್ದೆಲ್ಲ ಒಟ್ಟಿಗೆ ಬರಬಹುದು, ಒಂದರ ಮೇಲೊಂದು. ನಾನು ಲೈನಿನಲ್ಲೇ ಇರ್ತೇನೆ, ಹೊರಡಿ."

ವಿಜೇತಾ ಫೋನನ್ನು ಎದೆಗೆ ಒತ್ತಿ ಹಿಡಿದು ಎದ್ದಳು.

"ಬ್ಯಾಪ್ಟಿಸ್ಟರೇ, ಜೀಪು ತಿರುಗಿಸಿ. ಠಾಣೆಗಲ್ಲ, ಉಡುಪಿಗೆ."

"ಇನ್ಸ್‌ಪೆಕ್ಟರ್ ಸಾಹೇಬರು?"

"ಅವರಿಗೆ ನಾನು ಹೇಳುತ್ತೇನೆ."

ಬ್ಯಾಪ್ಟಿಸ್ಟ್ ಕೀಲಿಕೈ ಹಿಡಿದುಕೊಂಡೇ ನಿಂತ. "ಮೇಡಂ, ನನ್ನ ದಡ್ಡ ತಲೆಗೆ ಒಂದು ಹೇಳಿ. ಗೋಂದಿನ ಡಬ್ಬಿಗೆ ಯಾರೋ ಇಂಗ್ಲಿಷ್ ಮದ್ದು ಬೆರೆಸಿದ್ದಾರೆ. ಅಷ್ಟು ತಿಳಿಯಿತು. ಇಲಿ ಬೀಳಲಿಲ್ಲ, ಮಗು ಬೀಳಲಿಲ್ಲ. ಆದರೆ ನರಬಳ್ಳಿ ಗೆಲ್ಲಬೇಕಿದ್ದರೆ ನರಬಳ್ಳಿಗೇ ಬೆರೆಸಬಹುದಿತ್ತಲ್ಲ?"

"ಮೊದಲು ಅದಕ್ಕೇ ಬೆರೆಸುತ್ತಿದ್ದಿರಬೇಕು. ಪ್ರತೀಕ್ ಕಂಪನಿಯ ಪುಡಿ ಬಿಟ್ಟು ತಾನೇ ಬಳ್ಳಿ ಕಿತ್ತು ತಂದ. ಆ ರಸಕ್ಕೆ ಕೈ ಹಾಕಲು ಅವರಿಗೆ ದಾರಿ ಇರಲಿಲ್ಲ. ಉಳಿದದ್ದು ಗೋಂದು. ರಸವನ್ನು ಗೋಂದಿನಲ್ಲಿ ಕದಡುತ್ತಾರೆ ಎಂದು ಗೊತ್ತಿತ್ತು, ಬೆರೆಸಿದರು." ವಿಜೇತಾ ಮಾತಾಡುತ್ತಲೇ ಮಗುವಿನ ಚಪ್ಪಲಿ ಹುಡುಕುತ್ತಿದ್ದಳು. "ಒಂದು ಗೊತ್ತಿರಲಿಲ್ಲ. ಮದ್ದಿಲ್ಲದ ಇಲಿಗಳೂ ಅದೇ ಗೋಂದು ಕುಡಿಯುತ್ತವೆ ಎಂದು."

"ಹಾಗಾದರೆ ಲ್ಯಾಬಿನವರಲ್ಲ!"

"ಲ್ಯಾಬಿನಲ್ಲಿ ಒಂದು ವಾರ ಕೆಲಸ ಮಾಡಿದವನೂ ಈ ತಪ್ಪು ಮಾಡುವುದಿಲ್ಲ. ಮದ್ದು ಬಲ್ಲ, ಪ್ರಯೋಗ ಅರಿಯದ ಹೊರಗಿನವನು."

"ಕಾರ್ಕಳ" ಎಂದ ಬ್ಯಾಪ್ಟಿಸ್ಟ್ ಮೆಲ್ಲಗೆ. "ಆ ಡಬ್ಬಿಯನ್ನು ಸೀಜ್ ಮಾಡುವ ಮೇಡಂ."

"ಬೆಳಿಗ್ಗೆ ನಾನು ನೋಡಿದ ಡಬ್ಬಿ ಸೀಲು ಒಡೆಯದ್ದು. ಹಳೆಯದನ್ನು ಯಾರೋ ಆಗಲೇ ಸಾಗಿಸಿದ್ದಾರೆ." ಅವಳು ನೀಲುವನ್ನು ನೋಡಿದಳು. "ಆ ಬಾಟ್ಲಿಗೆ ಅಂಟಿದ ಚೂರು ಬಿಟ್ಟರೆ ಈಗ ಉಳಿದ ಸಾಕ್ಷಿ ಈ ಮಗುವಿನ ರಕ್ತ ಒಂದೇ."

ಆ ಮಾತು ಹೊರಬಿದ್ದ ಮೇಲೆ ಅದರ ಭಾರ ಅವಳಿಗೇ ತಟ್ಟಿತು. ಸಂಗಮೇಶ ಮಗಳನ್ನು ಬಾಚಿ ಎತ್ತಿಕೊಂಡ.

"ಕುಡಿಯುವ ಮದ್ದು ಏನು ಉಳಿದಿದೆಯೋ ಅದನ್ನೂ ತರಲಿ" ಎಂದು ಫೋನಿನಲ್ಲಿ ಸ್ಯಾಂಡ್ರಾಳ ದನಿ.

"ಖಾಲಿಯಾಗಿದೆ" ಎಂದಳು ವಿಜೇತಾ. "ಅಲ್ವಾ ಸಂಗಮೇಶ?"

"ಇನ್ನಾ ಇರಬೇಕು ಅನ್ಕೊಂಡಿದ್ದೆ, ಖಾಲಿ ಐತ್ರಿ. ಸರ್ ಹೋದ ಮ್ಯಾಲ ನೀರು ಬೆರಸಿ ಬೆರಸಿ ನಾಕ ದಿನ ಹೆಚ್ಚಿಗಿ ಎಳಿ ಅಂತ ಇವಳಿಗೆ ಹೇಳಿ ಹೋಗಿದ್ದೆ."

ದ್ರಾಕ್ಷಾಯಿಣಿ ಗಂಡನ ಮುಖ ನೋಡಿದಳು. "ಅದು ಮೊನ್ನೆ ಮುಗೀತು. ಹೊಸಾದು ಬಂದೈತಲ್ಲ."

"ಹೊಸಾದು?"

ಅವಳು ದೇವರ ಪಟದ ಹಿಂದೆ ಕೈಹಾಕಿ ಒಂದು ಬಾಟ್ಲಿ ತೆಗೆದಳು. ಕತ್ತಿನವರೆಗೆ ತುಂಬಿತ್ತು, ಸ್ವಲ್ಪ ಮಾತ್ರ ಕಡಿಮೆ. "ನಿನ್ನಿ ಸಂಜಿಗೆ ಕಾರಿನ್ಯಾಗ ಬಂದು ಕೊಟ್ಟು ಹೋದ್ರು. ನೀ ಪಡುಬಿದ್ರಿಯಾಗಿದ್ದಿ."

"ಯಾರು?" ಸಂಗಮೇಶನ ದನಿ ಚೀರಿದಂತೆ ಇತ್ತು.

"ನಿಮ್ಮ ಲ್ಯಾಬಿನವರು. ಹೆಸರು ನಾ ಕೇಳಲಿಲ್ಲ."

ಸಂಗಮೇಶ ಮೊಬೈಲು ತೆಗೆದು ಅವಳ ಮುಂದೆ ಹಿಡಿದ. ಆಯುಧಪೂಜೆಯ ಫೋಟೊ. ಇಲಿಮನೆಯ ಬಾಗಿಲಿಗೆ ಮಾವಿನೆಲೆ, ಕರೆಂಟು ಯಂತ್ರಕ್ಕೆ ಚೆಂಡುಹೂವಿನ ಹಾರ, ಹಿಂದೆ ಎಲ್ಲರೂ ಸಾಲಾಗಿ ನಿಂತಿದ್ದಾರೆ. ದ್ರಾಕ್ಷಾಯಿಣಿ ಹಿಟ್ಟಿನ ಬೆರಳನ್ನು ಗಾಜಿನ ಮೇಲೆ ಇಟ್ಟಳು. ಬೆರಳು ತಾರಾನಾಥರ ಮುಖದ ಮೇಲಿತ್ತು.

"ಇವರ. ದೊಡ್ಡ ಮನಿಶ್ಯಾ. ಮಗಳ ತಲಿ ಮ್ಯಾಲ ಕೈಯಿಟ್ಟು ಅತ್ರು. ಯಾರ ಮುಂದೂ ಹೇಳಬ್ಯಾಡ, ತಪ್ಪಸಬ್ಯಾಡ, ಮುಂಜಾನಿಂದ ಶುರು ಮಾಡು, ಹೊತ್ತಿಗೆ ಎರಡ್ ಚಮಚ ಅಂದ್ರು."

ಮನೆ ಯಾರಿಗೂ ಗೊತ್ತಿಲ್ಲ ಎಂದವರು. ಮೊದಲ ವಾರದ ಪಾಠ ಕಲಿಸುವವರು. ವಿಜೇತಾ ಈಗಷ್ಟೇ ಕಟ್ಟಿದ ಲೆಕ್ಕ ಅವಳ ಕಣ್ಣೆದುರೇ ಬಿಚ್ಚಿಕೊಂಡಿತು. ಬೆರೆಸಿದವರು ಹೊರಗಿನವರೇ ಇರಬಹುದು, ಸಾಕ್ಷಿ ಅಳಿಸಲು ಹೊರಟವರು ಒಳಗಿನವರು.

"ಇವತ್ತು ಕುಡಿಸಿದ್ದೀರಾ?"

"ಮುಂಜಾನೆ ಕುಡಿಸೀನ್ರಿ."

ಅವಳು ಬಾಟ್ಲಿಯ ಮುಚ್ಚಳ ತಿರುಗಿಸಿ ಒಂದು ಹನಿ ಬೆರಳಿಗೆ ಬಿಟ್ಟುಕೊಂಡಳು. ಹನಿ ಸರಕ್ಕನೆ ಜಾರಿ ಮಣಿಕಟ್ಟಿಗೆ ಹೋಯಿತು. ಬೆರಳು ತಿಕ್ಕಿದಳು. ಅಂಟಲಿಲ್ಲ. ಇದು ಗೋಂದೂ ಅಲ್ಲ.

"ಅಪ್ಪಾ" ಎಂದಳು ನೀಲು.

ತಂದೆಯ ಹೆಗಲ ಮೇಲಿದ್ದ ಅವಳ ಎಡಗೈಯ ಬೆರಳುಗಳು ಒಂದೊಂದಾಗಿ ಒಳಕ್ಕೆ ಮಡಚಿಕೊಳ್ಳತೊಡಗಿದ್ದವು. ಕತ್ತು ಒಂದು ಬದಿಗೆ ಹೊರಳಿತು. ಕಣ್ಣುಗಳು ಮೇಲಕ್ಕೆ ಹೋದವು. ಆಮೇಲೆ ಇಡೀ ಮೈ ಅದುರಿತು.

"ಮಲಗಿಸಿ! ಮಗ್ಗುಲಿಗೆ! ಬಾಯಿಗೆ ಏನೂ ಹಾಕಬೇಡಿ!" ವಿಜೇತಾ ಕೂಗಿದಳು. ಬ್ಯಾಪ್ಟಿಸ್ಟ್ ಜೀಪಿನ ಹಿಂಬಾಗಿಲನ್ನು ಒದ್ದು ತೆರೆದ. ದ್ರಾಕ್ಷಾಯಿಣಿಯ ಅಳು ಇಡೀ ಸಾಲಿನ ಕೋಣೆಗಳನ್ನು ಹೊರಗೆ ಕರೆಯಿತು. ಸಂಗಮೇಶ ಹಿಂದಿನ ಸೀಟಿನಲ್ಲಿ ಮಗಳನ್ನು ಮಗ್ಗುಲಾಗಿಸಿ ಹಿಡಿದು ಕುಳಿತ.

ಜೀಪು ಹೈವೇಗೆ ನುಗ್ಗಿತು.

"ವಿಜೇತಾ, ನಿಂತಿತಾ?" ಸ್ಯಾಂಡ್ರಾ ಕೇಳುತ್ತಿದ್ದಳು.

"ನಿಂತಿಲ್ಲ. ಒಮ್ಮೆ ಸಡಿಲಾಯಿತು, ಮತ್ತೆ ಶುರುವಾಯಿತು."

"ಬೆಳಿಗ್ಗೆ ಕುಡಿದದ್ದು ಎಂತ? ಅದು ನನಗೆ ಗೊತ್ತಾಗಲೇಬೇಕು. ಏನೆಂದು ತಿಳಿಯದೆ ಅದರ ಮೇಲೆ ಇನ್ನೊಂದು ಇಂಜೆಕ್ಷನ್ ಕೊಟ್ಟರೆ ಉಸಿರೇ ನಿಲ್ಲಬಹುದು. ಕೇಳ್ತಾ ಉಂಟಾ?"

ಕೇಳುತ್ತಿತ್ತು. ಅದರ ನಡುವೆ ಇನ್ನೊಂದು ಕರೆ ಬರುವ ಸದ್ದೂ ಕೇಳುತ್ತಿತ್ತು. ವಿಜೇತಾ ಫೋನನ್ನು ಕಿವಿಯಿಂದ ತೆಗೆದು ನೋಡಿದಳು. ಡಾ. ತಾರಾನಾಥ.

ಸ್ಯಾಂಡ್ರಾಳ ಕರೆಯನ್ನು ಹೋಲ್ಡಿಗೆ ಹಾಕಿ ಆ ಕರೆ ತೆಗೆದುಕೊಂಡಳು.

ಅತ್ತ ಕಡೆಯಿಂದ ಮೊದಲು ಗಾಳಿಯ ಸದ್ದು. ಆಮೇಲೆ ಅತ್ತು ಅತ್ತು ಒಡೆದ ದನಿ.

"ಮೇಡಂ, ನೀವು ಅವನ ಮನೆಗೆ ಹೋಗಿದ್ದೀರಂತೆ. ಒಂದೇ ಮಾತು ಹೇಳಿ. ಆ ಮಗು ಇನ್ನೂ ಬದುಕಿದೆಯಾ?"